ಒಂಟಿ ಗ್ರಂಥಪಾಲಕರಿಗೊಂದು ಬಳಗ

ಶಾಲೆಯಲ್ಲಿ ಗಣಿತ ಕಲಿಸುವವರು ಇಬ್ಬರು ಮೂವರು ಇರುತ್ತಾರೆ. ಒಬ್ಬರೇ ಇದ್ದರೂ ಪಕ್ಕದೂರಿನ ಶಾಲೆಯಲ್ಲಿ ಅದೇ ಪಾಠ ಮಾಡುವವರು ಸಿಗುತ್ತಾರೆ, ತಿಂಗಳಿಗೊಮ್ಮೆ ಸಭೆಯಲ್ಲಿ ಭೇಟಿಯೂ ಆಗುತ್ತದೆ. ಗ್ರಂಥಪಾಲಕರು ಮಾತ್ರ ಶಾಲೆಗೆ ಒಬ್ಬರೇ, ಅದೂ ಇದ್ದರೆ. ಪುಸ್ತಕ ಆರಿಸುವುದು, ಖರೀದಿಗೆ ಕಡತ ಮಂಡಿಸುವುದು, ದಾಖಲಾತಿ ವಹಿಯಲ್ಲಿ ಬರೆಯುವುದು, ಹರಿದದ್ದನ್ನು ಅಂಟಿಸುವುದು, ಮೂರನೇ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳುವುದು, ಹತ್ತನೇ ತರಗತಿಯ ಪ್ರಾಜೆಕ್ಟಿಗೆ ಮಾಹಿತಿ ಹುಡುಕಿಕೊಡುವುದು, ಮಾರ್ಚ್ ತಿಂಗಳಲ್ಲಿ ಲೆಕ್ಕ ಒಪ್ಪಿಸುವುದು ಎಲ್ಲವೂ ಆ ಒಬ್ಬರ ಪಾಲಿಗೆ. ಸಂಶಯ ಬಂದರೆ ಕೇಳಲು ಸ್ಟಾಫ್‌ರೂಮಿನಲ್ಲಿ ಆ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ಜಗತ್ತಿನ ಬೇರೆ ಬೇರೆ ಕಡೆ ಶಾಲಾ ಗ್ರಂಥಪಾಲಕರು ತಮ್ಮದೇ ಸಂಘ, ಮಾರ್ಗಸೂಚಿ, ತರಬೇತಿ, ಪುಸ್ತಕಪಟ್ಟಿಗಳನ್ನು ಕಟ್ಟಿಕೊಂಡಿರುವುದರ ಹಿಂದೆ ಈ ಒಂಟಿತನವಿದೆ.

ನಮ್ಮಲ್ಲಿ ಕಾನೂನು ಗ್ರಂಥಾಲಯವನ್ನು ಕೇಳುತ್ತದೆ, ಗ್ರಂಥಪಾಲಕರನ್ನು ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆನ್ನುತ್ತದೆ. ಅದನ್ನು ನಡೆಸುವವರು ಯಾರೆಂಬ ಮಾತು ಅಲ್ಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿಯವರೆಗೆ ಗ್ರಂಥಾಲಯ ಅನುದಾನವಿದೆ. ಅದು ಪುಸ್ತಕಕ್ಕೆ ಸಿಗುವ ಹಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗ್ರಂಥಾಲಯಗಳಿಗೆ ಸಾಕಷ್ಟು ಸಿಬ್ಬಂದಿ, ಅವರಿಗೆ ವೃತ್ತಿಯಲ್ಲಿ ಮೇಲೇರುವ ದಾರಿ ಮತ್ತು ನಿರಂತರ ತರಬೇತಿ ಬೇಕೆಂದು ಹೇಳಿದೆ. ಹೇಳಿದ್ದು ನೀತಿ, ಕಾಯ್ದೆಯಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯ ಮತ್ತು ದೊಡ್ಡ ಖಾಸಗಿ ಶಾಲೆಗಳಲ್ಲಿ ಪದವಿ ಪಡೆದ ಗ್ರಂಥಪಾಲಕರಿದ್ದಾರೆ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಗ್ರಂಥಾಲಯ ಪ್ರಭಾರಿ’ ಶಿಕ್ಷಕರು. ಅವರ ಕೈಯಲ್ಲಿ ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆ, ಚುನಾವಣಾ ಕೆಲಸಗಳ ಜೊತೆಗೆ ಬೀರುವಿನ ಕೀಲಿಕೈಯೂ ಒಂದು.

ಈ ವೃತ್ತಿಯ ಒಂಟಿತನವನ್ನು ಭಾರತದ ಗ್ರಂಥಾಲಯ ವಿಜ್ಞಾನದ ಹಿರಿಯರೇ ಮೊದಲು ಅನುಭವಿಸಿದ್ದರು. ಎಸ್.ಆರ್. ರಂಗನಾಥನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟರಾಗಿದ್ದವರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಬಂದವರಿಗೆ ಕೆಲವೇ ದಿನಗಳಲ್ಲಿ ಆ ನಿಶ್ಶಬ್ದ ಸಾಕಾಗಿ, ತಮ್ಮನ್ನು ಪಾಠಕ್ಕೆ ವಾಪಸ್ ಕಳಿಸಿ ಎಂದು ಕಾಲೇಜಿಗೆ ಹೋಗಿ ಕೇಳಿಕೊಂಡರು. ಇಂಗ್ಲೆಂಡಿಗೆ ಹೋಗಿ ಕಲಿತು ಬಂದಮೇಲೂ ಬೇಸರ ಹೋಗದಿದ್ದರೆ ನೋಡೋಣ ಎಂಬ ಉತ್ತರ ಬಂತು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ಕ್ರಾಯ್ಡನ್ ಗ್ರಂಥಾಲಯದ ಬರ್ವಿಕ್ ಸೇಯರ್ಸ್. ಚೆನ್ನಾಗಿ ನಡೆಯುವ ಗ್ರಂಥಾಲಯಗಳನ್ನು, ಅವುಗಳಲ್ಲಿ ಮಕ್ಕಳಿಗಾಗಿ ದುಡಿಯುವವರನ್ನು ಕಣ್ಣಾರೆ ಕಂಡು 1925ರಲ್ಲಿ ಹಿಂದಿರುಗಿದ ರಂಗನಾಥನ್ ಮತ್ತೆ ಗಣಿತದ ಕಡೆ ತಿರುಗಲಿಲ್ಲ. 1942ರಲ್ಲಿ ಶಾಲಾ ಕಾಲೇಜು ಗ್ರಂಥಾಲಯಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಗ್ರಂಥಾಲಯ ವಿಜ್ಞಾನದಲ್ಲಿ ಇಷ್ಟು ದೊಡ್ಡ ಪರಂಪರೆ ಇರುವ ಊರಿನ ಸುತ್ತಲಿನ ಶಾಲೆಗಳಲ್ಲೇ ಗ್ರಂಥಪಾಲಕರ ಹುದ್ದೆ ಅಪರೂಪವೆಂಬುದು ವಿಚಿತ್ರವಾದರೂ ನಿಜ.

ಅಂತಾರಾಷ್ಟ್ರೀಯ ಮಟ್ಟದಲ್ಲಿ ಶಾಲಾ ಗ್ರಂಥಪಾಲಕರದೇ ಆದ ಸಂಘ ಹುಟ್ಟಿದ್ದು 1971ರಲ್ಲಿ, ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ. ಅಂತಾರಾಷ್ಟ್ರೀಯ ಶಾಲಾ ಗ್ರಂಥಪಾಲನ ಸಂಘ ಎಂದು ಕರೆಯಬಹುದಾದ ಈ ಸಂಸ್ಥೆ ವಾರ್ಷಿಕ ಸಮ್ಮೇಳನ ನಡೆಸುತ್ತದೆ, 1995ರಿಂದ ಒಂದು ಸಂಶೋಧನಾ ಪತ್ರಿಕೆ ತರುತ್ತಿದೆ. ಅಕ್ಟೋಬರ್ ತಿಂಗಳನ್ನು ಶಾಲಾ ಗ್ರಂಥಾಲಯ ಮಾಸವಾಗಿ ಆಚರಿಸುವ ರೂಢಿ 2008ರಲ್ಲಿ ಶುರುವಾದದ್ದೂ ಇದರಿಂದಲೇ. ಅದಕ್ಕೆ ಮುಂಚೆ ಒಂದೇ ದಿನದ ಆಚರಣೆಯಿತ್ತು. ಇನ್ನೊಂದು ಆಧಾರ ಗ್ರಂಥಾಲಯ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಇಫ್ಲಾ. ಯುನೆಸ್ಕೊ ಜೊತೆ ಸೇರಿ ಅದು 1999ರಲ್ಲಿ ಶಾಲಾ ಗ್ರಂಥಾಲಯದ ಪ್ರಣಾಳಿಕೆಯನ್ನು ತಂದಿತು. 2002ರಲ್ಲಿ ಬಂದ ಮಾರ್ಗಸೂಚಿ 2015ರಲ್ಲಿ ಪರಿಷ್ಕೃತವಾಯಿತು. ಇವೆರಡೂ ಉಚಿತವಾಗಿ ಸಿಗುತ್ತವೆ. ಇಂಥ ದಾಖಲೆಗಳ ಉಪಯೋಗ ಓದುವುದಕ್ಕಿಂತ ತೋರಿಸುವುದರಲ್ಲಿ ಹೆಚ್ಚು. ಗ್ರಂಥಾಲಯದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಿ ಎನ್ನುವ ಮುಖ್ಯೋಪಾಧ್ಯಾಯರ ಮುಂದೆ ಒಬ್ಬ ಗ್ರಂಥಪಾಲಕರ ಮಾತಿಗಿಂತ ಯುನೆಸ್ಕೊ ಹೆಸರಿರುವ ಹಾಳೆಗೆ ತೂಕ ಜಾಸ್ತಿ.

ಬ್ರಿಟನ್ನಿನಲ್ಲಿ ಶಾಲಾ ಗ್ರಂಥಾಲಯ ಸಂಘ 1937ರಿಂದ ಇದೆ. ಅಲ್ಲಿನ ಇನ್ನೊಂದು ಏರ್ಪಾಟು ನಮಗೆ ಹೆಚ್ಚು ಆಸಕ್ತಿಯದ್ದು: ಹಲವು ಸ್ಥಳೀಯ ಸಂಸ್ಥೆಗಳು ಶಾಲೆಗಳಿಗಾಗಿಯೇ ಒಂದು ಗ್ರಂಥಾಲಯ ಸೇವಾ ಘಟಕ ನಡೆಸುತ್ತವೆ. ಒಂದು ಪಾಠಕ್ಕೆ ಬೇಕಾದ ಪುಸ್ತಕಗಳ ಪೆಟ್ಟಿಗೆ ಅಲ್ಲಿಂದ ಎರವಲು ಬರುತ್ತದೆ, ಪಾಠ ಮುಗಿದಮೇಲೆ ಬೇರೆ ಶಾಲೆಗೆ ಹೋಗುತ್ತದೆ. ಸಲಹೆ ಕೇಳಲು ಅನುಭವಿ ಗ್ರಂಥಪಾಲಕರೂ ಅಲ್ಲೇ ಇರುತ್ತಾರೆ. ಹಣದ ಅಭಾವದಿಂದ ಇಂಥ ಎಷ್ಟೋ ಘಟಕಗಳು ಮುಚ್ಚಿವೆ ಎಂಬುದೂ ನಿಜ. ಅಮೆರಿಕದಲ್ಲಿ ಶಾಲಾ ಗ್ರಂಥಪಾಲಕರ ಸಂಘ 1951ರಿಂದ ಅಲ್ಲಿನ ಗ್ರಂಥಾಲಯ ಸಂಘದ ಒಂದು ವಿಭಾಗವಾಗಿದೆ. 2017ರಲ್ಲಿ ಅದು ಹೊರತಂದ ರಾಷ್ಟ್ರೀಯ ಮಾನದಂಡಗಳು ಗ್ರಂಥಪಾಲಕರನ್ನು ಶಿಕ್ಷಕರ ಸಮಕ್ಕೆ ನಿಲ್ಲಿಸಿ ಮಾತಾಡುತ್ತವೆ. ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು 1993ರಲ್ಲಿ ಕೊಲರಾಡೊ ರಾಜ್ಯದ ಶಾಲೆಗಳ ಅಧ್ಯಯನ ಪ್ರಕಟಿಸಿ, ಒಳ್ಳೆಯ ಗ್ರಂಥಾಲಯ ಸಿಬ್ಬಂದಿ ಮತ್ತು ಸಂಗ್ರಹ ಇರುವಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶವೂ ಚೆನ್ನಾಗಿದೆಯೆಂದು ತೋರಿಸಿದರು. ಒಂದಕ್ಕೆ ಇನ್ನೊಂದೇ ಕಾರಣವೆಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೂ ಹುದ್ದೆ ಉಳಿಸಿಕೊಳ್ಳಲು ಹೋರಾಡುವವರ ಕೈಯಲ್ಲಿ ಅದೊಂದು ಆಯುಧವಾಯಿತು, ಬೇರೆ ರಾಜ್ಯಗಳಲ್ಲೂ ಅಂಥ ಅಧ್ಯಯನಗಳು ನಡೆದವು.

ಭಾರತಕ್ಕೆ ಬಂದರೆ, ಗ್ರಂಥಾಲಯ ವಿಜ್ಞಾನದ ಪದವಿ ಕಲಿಸುವುದು ಹೆಚ್ಚಾಗಿ ವರ್ಗೀಕರಣ, ಸೂಚೀಕರಣ, ಮಾಹಿತಿ ತಂತ್ರಜ್ಞಾನ. ಎಂಟು ವರ್ಷದ ಮಗುವಿಗೆ ಯಾವ ಪುಸ್ತಕ ಕೊಡಬೇಕು, ಓದಲು ಬಾರದ ಐದನೇ ತರಗತಿಯ ಹುಡುಗನನ್ನು ಪುಸ್ತಕದ ಹತ್ತಿರ ಹೇಗೆ ತರಬೇಕು ಎಂಬುದಕ್ಕೆ ಅಲ್ಲಿ ಜಾಗ ಕಡಿಮೆ. ಈ ಕೊರತೆ ತುಂಬಲು ಟಾಟಾ ಟ್ರಸ್ಟ್ಸ್‌ನ ‘ಪರಾಗ್’ ಕಾರ್ಯಕ್ರಮ ‘ಲೈಬ್ರರಿ ಎಜುಕೇಟರ್ಸ್ ಕೋರ್ಸ್’ ಆರಂಭಿಸಿತು. ನೌಕರಿಯಲ್ಲಿದ್ದುಕೊಂಡೇ ಮಾಡಬಹುದಾದ, ಮುಖಾಮುಖಿ ಶಿಬಿರ ಮತ್ತು ದೂರಶಿಕ್ಷಣ ಎರಡೂ ಬೆರೆತ, ಏಳು ತಿಂಗಳ ಕೋರ್ಸು ಇದು. ಹಿಂದಿ ಮತ್ತು ಇಂಗ್ಲಿಷಿನಲ್ಲಿ ನಡೆದು ಬಂದಿದೆ. ಇದರಲ್ಲಿ ಕೈಜೋಡಿಸಿದ ಗೋವಾದ ‘ಬುಕ್‌ವರ್ಮ್’ ಮಕ್ಕಳ ಗ್ರಂಥಾಲಯವನ್ನು ಸ್ವತಃ ನಡೆಸಿ ಕಲಿತ ಸಂಸ್ಥೆ. ಕೋರ್ಸು ಮುಗಿದಮೇಲೂ ಸಹಪಾಠಿಗಳು ಪರಸ್ಪರ ಸಂಪರ್ಕದಲ್ಲಿ ಉಳಿಯುತ್ತಾರೆ. ಪ್ರಮಾಣಪತ್ರಕ್ಕಿಂತ ಆ ನಂಟೇ ಅವರಿಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುವುದು.

ಇಂಥ ನಂಟಿನಿಂದ ಏನು ಸಿಗುತ್ತದೆ ಎಂಬುದಕ್ಕೆ ಕಳೆದುಹೋದ ಪುಸ್ತಕದ ಸಂಗತಿಯೊಂದನ್ನು ವಿವರವಾಗಿ ನೋಡಬಹುದು. ನಮ್ಮ ಶಾಲೆಗಳಲ್ಲಿ ಪುಸ್ತಕದ ಬೀರುವಿಗೆ ಬೀಗ ಬೀಳುವುದಕ್ಕೆ ಮುಖ್ಯ ಕಾರಣ ಉದಾಸೀನವಲ್ಲ, ಹೆದರಿಕೆ. ಪುಸ್ತಕ ಕಳೆದರೆ ಸಂಬಳದಿಂದ ಕಟ್ಟಬೇಕಾಗುತ್ತದೆ, ವರ್ಗಾವಣೆಯಾದಾಗ ಚಾರ್ಜು ಕೊಡಲು ಆಗುವುದಿಲ್ಲ, ಆಡಿಟ್ಟಿನಲ್ಲಿ ಆಕ್ಷೇಪಣೆ ಬರುತ್ತದೆ ಎಂಬ ಮಾತುಗಳನ್ನು ಹೊಸದಾಗಿ ಬಂದ ಪ್ರಭಾರಿಗೆ ಹಳಬರು ಮೊದಲ ದಿನವೇ ಹೇಳಿಬಿಡುತ್ತಾರೆ. ನಿಯಮ ಏನು ಹೇಳುತ್ತದೆಂದು ಓದಿ ನೋಡಿದವರು ಕಡಿಮೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೆಂದೇ 215ನೇ ನಿಯಮವಿದೆ. ಅದರ ಪ್ರಕಾರ, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಅಲ್ಲೇ ಕೂತು ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಕಳೆದುಹೋದರೆ ಅದು ಸಹಜ ನಷ್ಟ; ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಾಗಿರಬಾರದು, ಅಷ್ಟೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. 20,000 ಪುಸ್ತಕಗಳವರೆಗಿನ ಗ್ರಂಥಾಲಯದಲ್ಲಿ ಪ್ರತಿ ವರ್ಷ ಪೂರ್ತಿ ಎಣಿಕೆ ನಡೆಯಬೇಕೆಂಬುದೂ ಅದರಲ್ಲೇ ಇದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರಿಯಾಯಿತಿಯ ಲೆಕ್ಕ ಬೀರುವಿನಲ್ಲಿ ಎಷ್ಟು ಪುಸ್ತಕಗಳಿವೆ ಎಂಬುದರ ಮೇಲಿಲ್ಲ, ಎಷ್ಟು ಸಲ ಕೊಟ್ಟರು ಎಂಬುದರ ಮೇಲಿದೆ. ವರ್ಷಕ್ಕೆ 4,000 ಸಲ ಪುಸ್ತಕ ಕೊಟ್ಟ ಶಾಲೆಗೆ 20 ಪುಸ್ತಕಗಳ ನಷ್ಟ ಸಹಜ. ಬೀಗ ಹಾಕಿಟ್ಟು ಗೆದ್ದಲು ಹಿಡಿಸಿದ ಶಾಲೆಗೆ ಒಂದರ ರಿಯಾಯಿತಿಯೂ ಇಲ್ಲ. ಅಂದರೆ ಮಕ್ಕಳಿಗೆ ಕೊಟ್ಟಷ್ಟೂ ಪ್ರಭಾರಿ ಸುರಕ್ಷಿತ, ಕೊಟ್ಟದ್ದನ್ನು ಎರವಲು ವಹಿಯಲ್ಲಿ ಬರೆದಿಟ್ಟಿದ್ದರೆ. ಇದು ಕೇಂದ್ರದ ಕಚೇರಿಗಳ ನಿಯಮ, ಕೇಂದ್ರದ ಸ್ವಾಯತ್ತ ಸಂಸ್ಥೆಗಳೂ ಸಾಮಾನ್ಯವಾಗಿ ಅನುಸರಿಸುವಂಥದ್ದು; ರಾಜ್ಯದ ಶಾಲೆಗಳು ತಮ್ಮ ಇಲಾಖೆಯ ಆದೇಶವನ್ನೇ ನೋಡಬೇಕು. ಹಾಗಿದ್ದರೂ ಇಂಥದ್ದೊಂದು ನಿಯಮ ದೇಶದಲ್ಲಿದೆ ಎಂದು ಗೊತ್ತಿದ್ದವರು ಶಾಲಾಭಿವೃದ್ಧಿ ಸಮಿತಿಯ ಮುಂದೆ ಅದನ್ನಿಟ್ಟು, ಇಷ್ಟರವರೆಗಿನ ನಷ್ಟವನ್ನು ಒಪ್ಪಬೇಕೆಂದು ಕೇಳಬಹುದು. ನಿಯಮ ಪುಸ್ತಕದಲ್ಲಿ ಇದ್ದೇ ಇದೆ. ಅದನ್ನು ಆಡಿಟ್ಟಿನಲ್ಲಿ ಬಳಸಿ ಪಾರಾದ ಇನ್ನೊಬ್ಬ ಗ್ರಂಥಪಾಲಕರು ಫೋನಿನಲ್ಲಿ ಸಿಕ್ಕಿದರೆ ಮಾತ್ರ ಬೀಗ ತೆಗೆಯುವ ಧೈರ್ಯ ಬರುತ್ತದೆ.

ಪುಸ್ತಕ ಜೋಡಿಸುವ ವಿಷಯಕ್ಕೂ ಇದೇ ಮಾತು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ವಿಶಾಲ ಮನೆಯಿದ್ದರೆ, ಕನ್ನಡಕ್ಕೆ ಹಿತ್ತಲಿನ ಒಂದು ಕೋಣೆ. ಕನ್ನಡ ಶಾಲೆಯಲ್ಲಿ ಈ ಪದ್ಧತಿಯನ್ನು ಚಾಚೂ ತಪ್ಪದೆ ಅನುಸರಿಸಿದರೆ ಮುಕ್ಕಾಲು ಪಾಲು ಕಥೆಪುಸ್ತಕಗಳ ಬೆನ್ನಿನ ಮೇಲೆ ಒಂದೇ ಉದ್ದದ ಸಂಖ್ಯೆ ಬೀಳುತ್ತದೆ, ಏಳು ವರ್ಷದ ಮಗುವಿಗೆ ಅದರಿಂದ ನಯಾಪೈಸೆಯ ಉಪಯೋಗವಿಲ್ಲ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ರೀಡಿಂಗ್ ಫೌಂಡೇಶನ್ ಇದಕ್ಕೊಂದು ಸರಳ ಉಪಾಯ ಕಂಡುಕೊಂಡಿತು. ಓದಿನ ಮಟ್ಟಕ್ಕೆ ಅನುಗುಣವಾಗಿ ಪುಸ್ತಕಗಳಿಗೆ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ಆರು ಬಣ್ಣ. ಅತಿ ಸರಳವಾದವು ಹಸಿರು. ಮಗು ಒಂದೊಂದೇ ಬಣ್ಣ ದಾಟಿಕೊಂಡು ಮೇಲೆ ಹೋಗುತ್ತದೆ. ಬಣ್ಣದ ಚೀಟಿ ಅಂಟಿಸಲು ಯಾವ ಪದವಿಯೂ ಬೇಕಿಲ್ಲ, ಮೇಲಿನ ತರಗತಿಯ ಮಕ್ಕಳೇ ಅಂಟಿಸಬಲ್ಲರು. ಯಾವ ಪುಸ್ತಕಕ್ಕೆ ಯಾವ ಬಣ್ಣ ಎಂದು ತೀರ್ಮಾನಿಸುವುದು ಮಾತ್ರ ಕಷ್ಟ. ಅದಕ್ಕೆ ಪುಸ್ತಕವನ್ನು ಓದಿರಬೇಕು, ಒಬ್ಬರ ಕೈಯಲ್ಲಿ ಎಲ್ಲವನ್ನೂ ಓದಲು ಆಗದು. ಹತ್ತು ಶಾಲೆಗಳವರು ಹಂಚಿಕೊಂಡು ಓದಿ ಪಟ್ಟಿ ಮಾಡಿದರೆ ಒಂದು ಬೇಸಿಗೆ ರಜೆಯ ಕೆಲಸ.

ತಂತ್ರಾಂಶಕ್ಕೆ ಕೊರತೆಯಿಲ್ಲ. ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ಉಚಿತ ಮತ್ತು ಮುಕ್ತ. ಇಂದು ಜಗತ್ತಿನಾದ್ಯಂತ ಹರಡಿದೆ. ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ‘ಇ-ಗ್ರಂಥಾಲಯ’ ಸರ್ಕಾರಿ ಗ್ರಂಥಾಲಯಗಳಿಗೆಂದೇ ಮಾಡಿದ್ದು, ಕೇಂದ್ರೀಯ ವಿದ್ಯಾಲಯಗಳಲ್ಲಿ ಬಳಕೆಯಲ್ಲಿದೆ. ತೊಡಕು ಬರುವುದು ಬೇರೆ ಕಡೆಯಿಂದ. ಕರ್ನಾಟಕದ ಎಷ್ಟೋ ಶಾಲೆಗಳ ಹಳೆಯ ಪುಸ್ತಕಪಟ್ಟಿಗಳು ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಟೈಪ್ ಆಗಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹೊಸ ತಂತ್ರಾಂಶಕ್ಕೆ ಸುರಿದರೆ ಕಾರಂತರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಪರಿವರ್ತಿಸುವ ಉಪಕರಣಗಳು ಉಚಿತವಾಗಿಯೇ ಇವೆ. ಅವು ಗೊತ್ತಿಲ್ಲದವರು ಸಾವಿರ ಪುಸ್ತಕಗಳ ಪಟ್ಟಿಯನ್ನು ಮತ್ತೆ ಮೊದಲಿಂದ ಟೈಪ್ ಮಾಡಲು ಕೂರುತ್ತಾರೆ.

ಕನ್ನಡದ ಗ್ರಂಥಪಾಲಕರಿಗೆ ಅತಿ ಹೆಚ್ಚು ಕೊರತೆ ಕಾಣುವುದು ಪುಸ್ತಕದ ಆಯ್ಕೆಯಲ್ಲಿ. ಪರಾಗ್ 2020ರಿಂದ ವರ್ಷದ ಒಳ್ಳೆಯ ಮಕ್ಕಳ ಪುಸ್ತಕಗಳ ಗೌರವ ಪಟ್ಟಿಯನ್ನು ಹೊರತರುತ್ತಿದೆ. ಅದು ಶುರುವಾದದ್ದು ಇಂಗ್ಲಿಷ್ ಮತ್ತು ಹಿಂದಿ ಪುಸ್ತಕಗಳಿಗೆ. ಪ್ರತಿ ವರ್ಷ ನಂಬಿಕೆಯಿಂದ ಕೈಗೆತ್ತಿಕೊಳ್ಳಬಹುದಾದ ಅಂಥ ಪಟ್ಟಿ ಕನ್ನಡಕ್ಕೂ ಬೇಕು. ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2010ರಲ್ಲಿ ಆರಂಭವಾಗಿ, ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ ಸಂದಿತು. ಆದರೆ ವರ್ಷಕ್ಕೊಂದು ಪ್ರಶಸ್ತಿಯಿಂದ ಬೀರು ತುಂಬುವುದಿಲ್ಲ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಇವುಗಳ ಕನ್ನಡ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಪ್ರಭಾರಿಯೇ ಆರಿಸಬೇಕು. ಇಷ್ಟು ವ್ಯವಧಾನವಿಲ್ಲದ ಕಡೆ ಅನುದಾನದ ಹಣ ಪರೀಕ್ಷಾ ಗೈಡುಗಳಿಗೋ ಮಾರಾಟಗಾರ ತಂದಿಟ್ಟ ಕಟ್ಟಿಗೋ ಹೋಗುತ್ತದೆ.

ಹಣವಿಲ್ಲದೆ ಸಿಗುವ ಕನ್ನಡ ಪುಸ್ತಕಗಳಲ್ಲಿ ದೊಡ್ಡ ಗಣಿ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನಕ್ಕೆ ಆರಂಭಿಸಿದ ‘ಸ್ಟೋರಿವೀವರ್’. ಇಲ್ಲಿನ ಚಿತ್ರಕಥೆಗಳನ್ನು ನಾಲ್ಕು ಓದಿನ ಹಂತಗಳಾಗಿ ವಿಂಗಡಿಸಲಾಗಿದೆ. ಮುಕ್ತ ಪರವಾನಗಿ ಇರುವುದರಿಂದ ಕರ್ತೃವಿನ ಹೆಸರು ಹಾಕಿ ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಕ್ಕಳಿರುವ ಶಾಲೆ ಕನ್ನಡದ ಕಥೆಯನ್ನು ಆ ಭಾಷೆಗೆ ತಿರುಗಿಸಿ ಗೋಡೆಗೆ ಅಂಟಿಸಬಹುದು. ಓದು ಮತ್ತು ಗ್ರಂಥಾಲಯದ ಬಗ್ಗೆ ಗ್ರಂಥಪಾಲಕರೇ ಓದಬೇಕಾದ ಬರಹಗಳಿಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಲರ್ನಿಂಗ್ ಕರ್ವ್’ ಪತ್ರಿಕೆಯ ಕನ್ನಡ ಅವತರಣಿಕೆ ಮತ್ತು ‘ಅನುವಾದ ಸಂಪದ’ ಭಂಡಾರವಿದೆ. ಅಲ್ಲಿನ ಅನುವಾದದ ಕನ್ನಡ ಕೆಲವು ಕಡೆ ಬಿಗಿಯಾಗಿದೆ, ಓದಲು ತಾಳ್ಮೆ ಬೇಕು.

ಇಷ್ಟೆಲ್ಲ ಇದ್ದೂ ಕನ್ನಡದಲ್ಲಿ ಶಾಲಾ ಗ್ರಂಥಪಾಲಕರ ಬಳಗ ಗಟ್ಟಿಯಾಗಿಲ್ಲ. ವಿಷಯ ಶಿಕ್ಷಕರಿಗೆ ಅದು ಸಾಧ್ಯವಾಗಿತ್ತು ಎಂಬುದನ್ನು ನೆನೆಯಬೇಕು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಮತ್ತು ‘ಐಟಿ ಫಾರ್ ಚೇಂಜ್’ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರಿಗೆ ವೇದಿಕೆಗಳನ್ನು ಕಟ್ಟಿದವು. ಶಿಕ್ಷಕರು ತಾವೇ ಬರೆದ ಪಾಠ ಸಂಪನ್ಮೂಲಗಳು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಭಂಡಾರಕ್ಕೆ ಸೇರಿದವು. ಗ್ರಂಥಾಲಯ ಒಂದು ‘ವಿಷಯ’ ಅಲ್ಲವಾದ್ದರಿಂದ ಅಂಥ ಏರ್ಪಾಟುಗಳಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಆದರೂ ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ನಡೆಯುವ ಶಿಕ್ಷಕರ ಸಮಾಲೋಚನಾ ಸಭೆ ಈಗಾಗಲೇ ಇರುವ ಜಾಗ. ಹೊಸ ಕಟ್ಟಡ, ಹೊಸ ಆದೇಶ ಏನೂ ಬೇಡ. ವರ್ಷಕ್ಕೆ ಎರಡು ಸಭೆಗಳನ್ನು ಗ್ರಂಥಾಲಯ ಪ್ರಭಾರಿಗಳಿಗೆ ಬಿಟ್ಟುಕೊಟ್ಟರೆ ಒಂದೇ ಸಮೂಹದ ಹತ್ತು ಹದಿನೈದು ಶಾಲೆಗಳವರು ಪಟ್ಟಿ ಹೋಲಿಸಿ ನೋಡಬಹುದು, ಒಂದೇ ಪುಸ್ತಕವನ್ನು ಎಲ್ಲರೂ ಕೊಳ್ಳುವುದನ್ನು ತಪ್ಪಿಸಿ ಪೆಟ್ಟಿಗೆಗಳನ್ನು ಶಾಲೆಯಿಂದ ಶಾಲೆಗೆ ಸುತ್ತಿಸಬಹುದು. ವಾಟ್ಸ್ಆ್ಯಪ್ ಗುಂಪುಗಳು ಈಗಲೂ ಇವೆ. ಸುತ್ತೋಲೆ, ಶುಭಾಶಯಗಳ ನಡುವೆ ಪುಸ್ತಕದ ಪ್ರಶ್ನೆ ಅಲ್ಲಿ ಮುಳುಗಿಹೋಗುತ್ತದೆ, ಕಳೆದ ವರ್ಷ ಸಿಕ್ಕ ಒಳ್ಳೆಯ ಉತ್ತರವನ್ನು ಈ ವರ್ಷ ಹುಡುಕಲು ಆಗುವುದಿಲ್ಲ.

ಹಳ್ಳಿಯ ಶಾಲೆಗೆ ಅತಿ ಹತ್ತಿರದ ವೃತ್ತಿಬಾಂಧವರು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳಿವೆ. 2019ರಲ್ಲಿ ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಸಂಗ್ರಹಿಸುವ ಶೇ. 6ರ ಗ್ರಂಥಾಲಯ ಕರ ಶಾಲೆಗಳ ಬೀರುಗಳಿಗೆ ಬರುವುದಿಲ್ಲ. ಅದೇ ಊರಿನ ಅರಿವು ಕೇಂದ್ರದ ಪುಸ್ತಕಗಳು ಮಾತ್ರ ಅದೇ ಮಕ್ಕಳಿಗೆ ಸೇರಿದವು. ಇಲಾಖೆಗಳು ಬೇರೆಯಾದ್ದರಿಂದ ಪ್ರಭಾರಿ ಶಿಕ್ಷಕರನ್ನೂ ಮೇಲ್ವಿಚಾರಕರನ್ನೂ ಒಂದೇ ತರಬೇತಿಗೆ ಕರೆಯುವ ಪದ್ಧತಿ ಬೆಳೆದಿಲ್ಲ. ಹಾಗೆಂದು ಇಬ್ಬರೂ ಆದೇಶಕ್ಕೆ ಕಾಯಬೇಕಿಲ್ಲ. ಶನಿವಾರದ ಅರ್ಧ ದಿನದ ಶಾಲೆ ಮುಗಿದಮೇಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಎರಡೂ ಕಡೆಯ ಎರವಲು ವಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಮಗು ಏನು ಓದುತ್ತಿದೆ, ಯಾವ ಪುಸ್ತಕ ಎಲ್ಲಿ ಬೇಕು ಎಂಬುದು ಇಬ್ಬರಿಗೂ ತಿಳಿಯುತ್ತದೆ.